ಗುಂಡಿಯಕ್ಕನ ನಲವತ್ತನೇ ಸೂಜಿ

ಗುಂಡಿಯಕ್ಕ ಅಂದ್ರೆ ಗುಂಡಗಿದ್ಲು ಅಂತಲ್ಲ ಮಗಾ, ಕಡ್ಡಿ ಹಾಗಿದ್ಲು. ಮೂವತ್ತು ವರ್ಷ ಅಂಗಿಗೆ ಕಾಜ ಹೊಲಿದು ಗುಂಡಿ ಹಾಕಿದವಳು. ಸುತ್ತಲಿನ ದರ್ಜಿಗಳು ಅಂಗಿ ಹೊಲಿದು ಇವಳ ಕೋಣೆಗೆ ಕಳಿಸೋರು. ಆ ಕೋಣೇಲಿ ಅವಳೂ ಅವಳ ತಂಗೀನೂ ಇಬ್ಬರೇ. ತಂಗಿ ಮಾತಿನ ಮಲ್ಲಿ, ಇವಳು ಹೂಂಗುಟ್ಟೋಳು. ಅಂಥ ತಂಗಿ ಐವತ್ತೆರಡನೇ ವಯಸ್ಸಲ್ಲಿ ಮದುವೆ ಆಗಿ ಹೊರಟುಬಿಟ್ಲು ನೋಡು! ಹಲ್ಲು ಬೀಳೋ ಕಾಲಕ್ಕೆ ಕಡಲೆ ಸಿಕ್ಕಿತ್ತು ಅವಳಿಗೆ. ತಪ್ಪೇನಿಲ್ಲ ಬಿಡು. ಆದ್ರೆ ಇವಳ ಕೋಣೇಲಿ ಆಮೇಲೆ ಕತ್ತರಿ ಸದ್ದು ಬಿಟ್ರೆ ಇನ್ನೊಂದು ಸದ್ದಿಲ್ಲ.

ಕೆಳಗೆ ಮೆಟ್ಟಿಲ ಪಕ್ಕದ ಕೋಣೇಲಿ ಭಾನುವಾರ ಮಧ್ಯಾಹ್ನ ಇಸ್ಪೀಟು ನಡೀತಿತ್ತು. ರಿಟೈರ್ ಆದ ರೈಲ್ವೆ ಟೀಸಿ, ಹಲ್ಲಿನ ಡಾಕ್ಟರ ಹತ್ರ ಇದ್ದ ಕಾಂಪೌಂಡರ್, ಇಬ್ಬರೇ. ಟೀಸಿ ಪ್ಯಾಂಟಿಗೆ ಗುಂಡಿ ಹಾಕಿ ಕೊಡೋಕೆ ಹೋದವಳನ್ನ "ಕೂತ್ಕೊಳ್ಳಿ ಅಕ್ಕಾ, ಮೂರನೇ ಕೈ ಬೇಕು" ಅಂತ ಕೂರಿಸಿಕೊಂಡ್ರು. ಪೋಕರ್ ಅಂತೆ. ಐದೈದು ಎಲೆ ಹಂಚೋದು, ಪಣ ಮುಂದೆ ತಳ್ಳೋದು. ಎದುರಿನವರು ಹೆದರಿ ಎಲೆ ಬಿಟ್ಟುಕೊಟ್ರೆ ಕೈಯಲ್ಲಿ ಕಸ ಇದ್ರೂ ಗೆದ್ದಂಗೆ. ಪಣಕ್ಕೆ ಅವರ ಹತ್ರ ಬೆಂಕಿಕಡ್ಡಿ ಇದ್ವು. ಇವಳು ತನ್ನ ಗುಂಡಿ ಡಬ್ಬಿ ಸುರಿದ್ಲು. ಸೋತವರು ಚಹಾ ಲೋಟ ತೊಳೀಬೇಕು, ಅಷ್ಟೇ.

ಟೀಸಿ ಇದ್ದಾನಲ್ಲ, ಭಾರಿ ಆಸಾಮಿ. ರೈಲಲ್ಲಿ ಟಿಕೆಟ್ ಕೇಳೋಕೆ ಮುಂಚೆ "ಎಲ್ಲಿ ಇಳೀತೀರಿ? ಅಲ್ಲಿ ಸೆಕೆಯಾ?" ಅಂತ ಮಾತಾಡಿಸಿ ಟಿಕೆಟ್ ಇಲ್ಲದವರನ್ನ ಹಿಡೀತಿದ್ದವನು. ಇಲ್ಲೂ ಅದೇ ಚಾಳಿ. ಇವಳು ಮೊದಲ ಸಲ ಇಪ್ಪತ್ತು ಗುಂಡಿ ತಳ್ಳಿದ ತಕ್ಷಣ ಎಲೆ ಮಗುಚಿಟ್ಟು ಕೇಳಿದ:

"ಏನಕ್ಕಾ, ರಾತ್ರಿ ನಿದ್ದೆ ಬಂತಾ?"

ತಂಗಿ ಹೋದಮೇಲೆ ಯಾರೂ ಕೇಳದ ಮಾತು ಅದು. ಇವಳು ನಿದ್ದೆ ಬರದಿದ್ದದ್ದು, ಪಕ್ಕದ ಮನೆ ನಲ್ಲಿ ತೊಟ್ಟಿಕ್ಕಿದ್ದು, ಎದ್ದು ನೀರು ಕುಡಿದದ್ದು ಎಲ್ಲಾ ಹೇಳಿದ್ಲು. ಅವನು ಕೇಳಿಸಿಕೊಂಡು, ಇವಳ ಕೈ ಖಾಲಿ ಅಂತ ತಿಳ್ಕೊಂಡು, ಗೆದ್ದ. ಇವಳು ಲೋಟ ತೊಳೆದ್ಲು. ಖುಷಿಯಾಗೇ ತೊಳೆದ್ಲು!

ಗುಟ್ಟು ತಿಳೀತಲ್ಲ: ಗುಂಡಿ ತಳ್ಳಿದ್ರೆ ಮಾತಾಡಿಸ್ತಾರೆ, ಇಲ್ಲದಿದ್ರೆ ಇಲ್ಲ. ಅವತ್ತಿಂದ ಕೈಯಲ್ಲಿ ಏನೂ ಇಲ್ಲದಿದ್ರೂ ತಳ್ಳೋಳು.

"ಅಕ್ಕಾ, ಕಸ ಹಿಡ್ಕೊಂಡು ಕಿರೀಟ ಹಾಕ್ಕೊಳ್ತೀರಲ್ಲ!" ಅಂತ ಕಾಂಪೌಂಡರ್ ನಗೋನು.

ನಗಲಿ. ವಾರವೆಲ್ಲ ಕಾಜ ಹೊಲೀತಾ, ಭಾನುವಾರ ಏನೇನು ಹೇಳ್ಬೇಕು ಅಂತ ಕೂಡಿಡೋಳು.

ಒಂದು ಭಾನುವಾರ ಗುಂಡಿ ತಳ್ಳಿದ್ಲು, ಟೀಸಿ ಏನೂ ಕೇಳಲಿಲ್ಲ. ಸುಮ್ನೆ ಅಷ್ಟೇ ಕಡ್ಡಿ ಹಾಕಿ "ತೋರ್ಸಿ" ಅಂದ. ಮತ್ತೂ ಹಾಗೇ. ಮೂರನೇ ಸಲ ಇವಳೇ ಬಾಯಿಬಿಟ್ಟು ಕೇಳಿದ್ಲು, "ಯಾಕೆ, ಇವತ್ತು ಮಾತಿಲ್ಲ?"

"ಕೇಳೋದೇನಿದೆ ಅಕ್ಕಾ? ಕೈ ಖಾಲಿ ಇದ್ರೆ ನೀವು ಪುರಾಣ ಬಿಚ್ತೀರಿ, ಒಳ್ಳೆ ಎಲೆ ಬಂದ್ರೆ 'ಹೂಂ' ಅಂತೀರಿ. ನಿಮ್ಮ ಟಿಕೆಟ್ ನೋಡಿಯಾಯ್ತು."

ಆ ವಾರ ಅವಳು ಯಾರ ಹತ್ರಾನೂ ಒಂದು ಮಾತಾಡಲಿಲ್ಲ. ಆಡೋಕೆ ಯಾರಿದ್ರು?

ಮುಂದಿನ ಭಾನುವಾರ ಅವಳ ಕೈಗೆ ಮೂರು ರಾಣಿ ಬಿದ್ವು, ಗೆಲ್ಲೋ ಎಲೆ. ಡಬ್ಬೀನೇ ಮುಂದೆ ತಳ್ಳಿದ್ಲು. ಯಾರೂ ಕೇಳಲಿಲ್ಲ. ತಾನೇ ಶುರು ಮಾಡಿದ್ಲು, ತಲೆ ಎತ್ತದೆ.

"ನನಗೆ ಕಣ್ಣು ಮಂಜು. ದಿನಾ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿ ಕೊಡ್ತಿದ್ದವಳು ನನ್ನ ತಂಗಿ. ಹೋಗೋ ದಿನ ನಲವತ್ತು ಸೂಜಿಗೆ ದಾರ ಹಾಕಿ ಕ್ಯಾಲೆಂಡರಿಗೆ ಚುಚ್ಚಿಟ್ಟು ಹೋದ್ಲು. 'ಮುಗಿಯೋದ್ರೊಳಗೆ ಬರ್ತೀನಿ ಅಕ್ಕಾ' ಅಂದ್ಲು. ಮೂವತ್ತೊಂಬತ್ತು ಮುಗಿಸಿದೆ. ಬರಲಿಲ್ಲ. ನಲವತ್ತನೇದು ಹಾಗೇ ಇದೆ. ಈಗ ಒಂದೊಂದು ದಾರಕ್ಕೆ ಅರ್ಧ ಗಂಟೆ ಒದ್ದಾಡ್ತೀನಿ, ಅದನ್ನ ಮಾತ್ರ ಕೀಳೋಕೆ ಕೈ ಬರಲ್ಲ."

ಕಾಂಪೌಂಡರ್ ಮೆಲ್ಲಗೆ ಎಲೆ ಕೆಳಗಿಟ್ಟ. ಟೀಸಿ ನಕ್ಕ. ಇಷ್ಟುದ್ದ ಪುರಾಣ, ಕೈ ಖಾಲಿಯೇ ಸರಿ ಅಂತ ತನ್ನ ರಾಶಿಯೆಲ್ಲ ತಳ್ಳಿದ. "ತೋರ್ಸಿ."

ಮೂರು ರಾಣಿ.

"ಅಬ್ಬಬ್ಬಾ! ಟೀಸಿ ಸಾಹೇಬ್ರೇ, ಟಿಕೆಟ್ ಇಲ್ಲದೆ ಸಿಕ್ಕಿಬಿದ್ರಲ್ಲ!" ಕಾಂಪೌಂಡರ್ ಮೇಜು ಗುದ್ದಿದ.

ಟೀಸಿ ಲೋಟ ತೊಳೀತಾ ತಿರುಗಿ ಹೇಳಿದ, "ಏನು ಕಥೆ ಕಟ್ಟಿದ್ರಿ ಅಕ್ಕಾ! ಸೂಜಿಯಂತೆ, ಕ್ಯಾಲೆಂಡರಂತೆ!"

"ನಿಜಾನಪ್ಪಾ ಅದು."

"ಹೂಂ ಹೂಂ, ನಿಜವೇ!" ಅಂತ ಕಣ್ಣು ಹೊಡೆದ.

ಅವಳು ಮತ್ತೆ ಹೇಳೋಕೆ ಹೋಗಲಿಲ್ಲ. ಮೇಲೆ ಹತ್ತಿ, ದೀಪ ಹಾಕಿ, ಕ್ಯಾಲೆಂಡರಿನ ಆ ಸೂಜೀನ ಮುಟ್ಟಿ ನೋಡಿ ಮಲಗಿದ್ಲು.

ಮರು ಭಾನುವಾರ ಅವಳು ಬರೀ ಐದೇ ಗುಂಡಿ ತಳ್ಳಿದ್ಲು. ಕೈಯಲ್ಲಿ ಏನಿತ್ತೋ, ಅವಳೇ ಸರಿಯಾಗಿ ನೋಡಿರಲಿಲ್ಲ. ಟೀಸಿ ಎಲೆ ಮಗುಚಿಟ್ಟು, ಅವಳ ಬೆರಳನ್ನೇ ದಿಟ್ಟಿಸ್ತಾ ಕೇಳಿದ:

"ಏನಕ್ಕಾ, ಆ ನಲವತ್ತನೇ ಸೂಜಿ ಹೇಗಿದೆ?"

ಅವನು ಮುಖ ನೋಡ್ತಿಲ್ಲ, ಎಲೆ ಹೇಗಿದೆ ಅಂತ ತಿಳಿಯೋಕೆ ಬೆರಳು ನೋಡ್ತಿದ್ದಾನೆ ಅಂತ ಅವಳಿಗೆ ಗೊತ್ತಿತ್ತು. ಆದ್ರೂ ಎಲೆ ಕೆಳಗಿಟ್ಟು, ಸೆರಗು ಸರಿಮಾಡ್ಕೊಂಡು ಶುರು ಮಾಡಿದ್ಲು.

"ಇದೆಯಪ್ಪಾ. ದಾರ ಸ್ವಲ್ಪ ಬಣ್ಣ ಬಿಟ್ಟಿದೆ..."