ಖಾಲಿ ಡಬ್ಬಿಗೆ ಮೂರು ಅಂಕ

ಕಳೆದ ಭಾನುವಾರ ಗ್ಲೆಂಡೇಲಿನ ಮಗಳ ಮನೆಯಿಂದ ಹೊರಟು ಐ-5 ಹೆದ್ದಾರಿ ಹಿಡಿದು ಹತ್ತು ಮೈಲಿ ಬಂದಿರಲಿಲ್ಲ, ಕಾರಿನೊಳಗೆ ಒಂದು ವಾಸನೆ ತುಂಬಿಕೊಂಡಿತು. ದಾರಿಯಲ್ಲಿ ಥಾಯ್ ಅಂಗಡಿಯೊಂದರಲ್ಲಿ ನನ್ನ ಹೆಂಡತಿ ವತ್ಸಲಾ ಕೊಂಡಿದ್ದ ನಿಂಬೆ ಎಲೆಯ ಪೊಟ್ಟಣ ಅವಳ ಮಡಿಲಲ್ಲಿತ್ತು. ನಮ್ಮ ಕಡೆಯ ನಿಂಬೆ ಎಲೆಯಲ್ಲ. ಒಂದರ ತುದಿಗೆ ಇನ್ನೊಂದು ಅಂಟಿಕೊಂಡು ಜೋಡಿಯಾಗಿ ಬೆಳೆಯುವ, ಥಾಯ್ ಅಡುಗೆಯವರು ಕಂಡಕಂಡದ್ದಕ್ಕೆಲ್ಲ ಹರಿದು ಹಾಕುವ ದಪ್ಪ ಎಲೆ. ಪೊಟ್ಟಣದ ಬಾಯಿ ಅರ್ಧ ತೆರೆದಿತ್ತು. ಮುಂದೆ ಟ್ರಾಫಿಕ್ಕು ನಿಂತಿತ್ತು. ನನ್ನ ನಾಲಿಗೆಯ ತುದಿಗೆ ಒಂದೇ ಪದದ ಪ್ರಶ್ನೆಯೊಂದು ಬಂತು. ಅದನ್ನು ನುಂಗಿಕೊಂಡು ಬ್ರೇಕ್ ಒತ್ತಿದೆ.

ಆ ಪ್ರಶ್ನೆ ಯಾವುದು, ಅದನ್ನೇಕೆ ನುಂಗಬೇಕಾಯಿತು ಎಂದು ತಿಳಿಯಬೇಕಾದರೆ ನೀವು ಮೊದಲು ನನ್ನ ನೌಕರಿಯ ವಿಷಯ ಕೇಳಬೇಕು. ಬೇಸರವಾದರೆ ಕಿಟಕಿಯಾಚೆ ನೋಡುತ್ತಿರಿ, ನಮ್ಮ ಮನೆಯಿರುವ ರಾಂಚೊ ಬರ್ನಾರ್ಡೊ ಇನ್ನೂ ಬಹಳ ದೂರವಿದೆ.

ಸ್ಯಾನ್ ಡಿಯಾಗೋದಲ್ಲಿ ಇಪ್ಪತ್ತೆಂಟು ವರ್ಷ ನಾನು ಮಾಡಿದ ಕೆಲಸವೆಂದರೆ ಫೋನಿಗೆ ಸಿಗ್ನಲ್ ಬರುತ್ತದೆಯೋ ಇಲ್ಲವೋ ಎಂದು ನೋಡುವುದು. ಒಂದು ವ್ಯಾನು, ಅದರ ತುಂಬ ಫೋನುಗಳು. ಗುಡ್ಡದ ಸಂದಿ, ಸೇತುವೆಯ ಕೆಳಗೆ, ಮಾಲ್‌ಗಳ ನೆಲಮಾಳಿಗೆ, ಎಲ್ಲೆಂದರಲ್ಲಿ ವ್ಯಾನು ನಿಲ್ಲಿಸಿ ಸೊನ್ನೆಯಿಂದ ಐದರವರೆಗೆ ಅಂಕ ಹಾಕಬೇಕು. ಲ್ಯಾಬಿನಲ್ಲಿ ಕೂತಿರುತ್ತಿದ್ದವನು ಧಾರವಾಡದ ಕಡೆಯವನು. ನಾನು "ಬಂತಾ?" ಎನ್ನುವುದು, ಅವನು "ಬಂತ್ರೀ, ಮೂರು" ಎನ್ನುವುದು. ಇಂಗ್ಲಿಷಿನ ದೇಶದಲ್ಲಿ ನಮ್ಮ ಇಡೀ ವೃತ್ತಿಜೀವನ ಈ ಒಂದು ಕನ್ನಡ ಪದದ ಮೇಲೆ ನಡೆಯಿತು. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು ಅನ್ನಿ.

2020ರ ಡಿಸೆಂಬರಿನಲ್ಲಿ ವತ್ಸಲಾ ಬೇಡ ಬೇಡವೆಂದರೂ ಕೇಳದೆ ಗೆಳೆಯನ ಗ್ಯಾರೇಜಿನಲ್ಲಿ ಇಸ್ಪೀಟು ಆಡಲು ಹೋದೆ. ಗ್ಯಾರೇಜಿನ ಬಾಗಿಲು ತೆಗೆದಿರುತ್ತದೆ, ಮಾಸ್ಕ್ ಹಾಕಿರುತ್ತೇವೆ ಎಂದೆಲ್ಲ ವಾದಿಸಿದ್ದೆ. ನಾಲ್ಕನೆಯ ದಿನ ಜ್ವರ ಬಂತು. ಅವಳು ಆರೈಕೆ ಮಾಡಿದಳು, ಅವಳಿಗೂ ಬಂತು. ಇಬ್ಬರಿಗೂ ವಾಸನೆ ಹೋಯಿತು. ನನ್ನದು ಹದಿನೈದು ದಿನದಲ್ಲಿ ವಾಪಸು ಬಂತು, ಅವಳದು ಬರಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮುಂದೆ ಸೌಟು ಹಿಡಿದು ನಿಂತವಳು ನನ್ನ ಕಡೆ ತಿರುಗಿ, "ರೀ, ನಾನು ಹಿಂಗು ಹಾಕಿದ್ನಾ?" ಎಂದಳು. ಮನೆಯೆಲ್ಲ ಹಿಂಗಿನ ವಾಸನೆ. ಅವಳು ಮೂರು ಸಲ ಹಾಕಿದ್ದಳು.

ನಮ್ಮ ಸುತ್ತಲಿನ ಕನ್ನಡ ಮನೆಯವರು ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ಗಳಲ್ಲಿ ಸಾರು ಅವಳದೇ ಎಂದು ತೀರ್ಮಾನವಾಗಿ ಇಪ್ಪತ್ತು ವರ್ಷವಾಗಿತ್ತು. ಉಳಿದವರು ಪಾಯಸವೋ ಪಲ್ಯವೋ ಎಂದು ವಾಟ್ಸಾಪಿನಲ್ಲಿ ಜಗ್ಗಾಡುತ್ತಿದ್ದರೆ ಸಾರಿನ ಮುಂದೆ ಅವಳ ಹೆಸರು ತಾನಾಗಿಯೇ ಇರುತ್ತಿತ್ತು. ಅವಳು ಸಾರನ್ನು ರುಚಿ ನೋಡಿ ಮಾಡುತ್ತಿರಲಿಲ್ಲ, ಮೂಸಿ ಮಾಡುತ್ತಿದ್ದಳು. ಹಿಂಗಿನ ಆ ಬೆಳಿಗ್ಗೆಯ ನಂತರ ಮೆಲ್ಲಮೆಲ್ಲಗೆ ಅಡುಗೆ ಬಿಟ್ಟಳು. ಫ್ರಿಜ್ಜಿನಲ್ಲಿ ಅಂಗಡಿಯ ಚಪಾತಿ ಬಂದು ಕೂತಿತು. "ಉಪ್ಪಿಟ್ಟು ತಿಂದ್ರೆ ಬಿಸಿ ಮರಳು ತಿಂದ ಹಾಗಿರತ್ತೆ, ಯಾರಿಗೆ ಬೇಕು?" ಎಂದು ಒಮ್ಮೆ ನಕ್ಕಳು. ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ. ಅವಳು ಒಂದು ದಿನವೂ ಇಸ್ಪೀಟಿನ ಮಾತೆತ್ತಲಿಲ್ಲ. ಎತ್ತಿದ್ದರೆ ಒಂದು ಜಗಳವಾಡಿ ಹಗುರಾಗಬಹುದಿತ್ತು.

ಡಾಕ್ಟರು ದಿನಕ್ಕೆರಡು ಸಲ ನಾಲ್ಕು ಬಗೆಯ ವಾಸನೆ ಮೂಸಿ, ತಾಳ್ಮೆಯಿಂದಿರಿ ಎಂದಿದ್ದರು. ಮೂಸುವುದನ್ನು ಅವಳಿಗೆ ಬಿಟ್ಟು, ತಾಳ್ಮೆಯನ್ನು ಮರೆತು, ನಾನು ಸ್ಪ್ರೆಡ್‌ಶೀಟು ತೆರೆದೆ. ಕಾಫಿಪುಡಿ, ಲವಂಗ, ಹಿಂಗು, ಮಲ್ಲಿಗೆ ಎಣ್ಣೆ. ಸೊನ್ನೆಯಿಂದ ಐದು. ಡಬ್ಬಿ ಅವಳ ಮೂಗಿನ ಕೆಳಗೆ ಹಿಡಿದು ಕೇಳುವುದು: "ಬಂತಾ?"

ನಾನು ರಿಟೈರ್ ಆದ ವರ್ಷ ಇಬ್ಬರೂ ಐದು ವಾರ ಉತ್ತರ ಥಾಯ್‌ಲ್ಯಾಂಡಿಗೆ ಹೋದೆವು. ಊರವರಿಗೆಲ್ಲ ಹೇಳಿದ್ದು ಆರಾಮಾಗಿ ಸುತ್ತಾಡಿ ಬರಲು ಎಂದು. ನನ್ನ ಮನಸ್ಸಿನಲ್ಲಿದ್ದ ಲೆಕ್ಕವೇ ಬೇರೆ. ಸಿಗ್ನಲ್ ಮಂದವಿದ್ದರೆ ಟವರಿನ ಬುಡಕ್ಕೇ ಹೋಗಿ ನಿಂತು ನೋಡುವುದು ನಮ್ಮ ಪದ್ಧತಿ. ಹೂವು, ಧೂಪ, ಮಜ್ಜಿಗೆಹುಲ್ಲು, ಡೂರಿಯನ್ ಹಣ್ಣು, ಎಲ್ಲವೂ ಜೋರಾಗಿ ಮೂಗಿಗೆ ಬಡಿಯುವ ಊರುಗಳಿಗೆ ಅವಳನ್ನು ಕರೆದುಕೊಂಡು ಹೋದರೆ ಮುಚ್ಚಿದ್ದು ತೆರೆದೀತು. ಮಗಳು ತಾರಾಳಿಗೆ ಅನುಮಾನವಿತ್ತು. ಏರ್‌ಪೋರ್ಟಿಗೆ ಬಿಡುವಾಗ, "ಡ್ಯಾಡ್, ಜಸ್ಟ್ ಲೆಟ್ ಹರ್ ಎಂಜಾಯ್, ಓಕೆ?" ಎಂದಳು. "ಅದಕ್ಕೇ ಅಲ್ವೇನಮ್ಮ ಹೋಗ್ತಿರೋದು?" ಎಂದೆ.

ಚಿಯಾಂಗ್ ಮಾಯ್ ಎಂಥ ಊರು ಎಂದು ನೀವು ಕೇಳಿದರೆ ನನ್ನ ಬಳಿ ಇರುವುದು ಒಂದು ಪಟ್ಟಿ. ಹಳೆಯ ಕೋಟೆಯ ಸುತ್ತ ಕಂದಕ, ಕಂದಕದಲ್ಲಿ ಕಾರಂಜಿ, ಅದರಾಚೆ ಹೂವಿನ ಮಾರ್ಕೆಟ್ಟು. ಮಲ್ಲಿಗೆ: ಸೊನ್ನೆ. ದೇವಸ್ಥಾನದ ಧೂಪ: ಸೊನ್ನೆ. ಆ ದೇಶದಲ್ಲಿ ಬಸ್ ಡ್ರೈವರಿನಿಂದ ಬ್ಯಾಂಕಿನ ಹುಡುಗಿಯವರೆಗೆ ಎಷ್ಟೋ ಜನ ಮೂಗಿಗೆ ಏರಿಸುವ ಪುದೀನದ ಕೊಳವೆಯೊಂದನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ನನಗೆ ನಿಧಿ ಸಿಕ್ಕಂತಾಯಿತು. ಏಳು ಬಗೆಯ ಕೊಳವೆ ಕೊಂಡೆ. ಎರಡನೆಯ ವಾರ ಪಾಯ್ ಎಂಬ ಬೆಟ್ಟದೂರಿನಲ್ಲಿ ವತ್ಸಲಾ ಒಂದು ಕೊಳವೆಗೆ "ಒಂದು" ಎಂದಳು. ಮರುದಿನ ಎರಡು. ಚಿಯಾಂಗ್ ರಾಯ್ ಹತ್ತಿರದ ಚಹಾ ತೋಟದಲ್ಲಿ ಎಲೆ ಹುರಿಯುವಾಗ ಮೂರು! ಗ್ರಾಫು ಮೇಲೇರುತ್ತಿತ್ತು. ಅದರ ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಆ ವಾರ ನಾನು ಮಲಗಿದಷ್ಟು ಸುಖವಾಗಿ ಎರಡು ವರ್ಷದಲ್ಲಿ ಮಲಗಿರಲಿಲ್ಲ.

ಆ ದಿನಗಳಲ್ಲಿ ಅವಳು ಏನು ನೋಡುತ್ತಿದ್ದಳು ಎಂಬುದು ಮಾತ್ರ ನನ್ನ ಪಟ್ಟಿಯಲ್ಲಿಲ್ಲ. ಅವಳ ಫೋನಿನ ಫೋಟೋಗಳನ್ನು ಆಮೇಲೆ ನೋಡಿದಾಗ ಗೊತ್ತಾಯಿತು. ಬಿದಿರು ತಟ್ಟೆಯಲ್ಲಿ ಬಿಸಿಲಿಗಿಟ್ಟ ಅನ್ನದ ಬಿಲ್ಲೆಗಳು, ನಮ್ಮ ಸಂಡಿಗೆಯ ಹಾಗೆಯೇ. ಅವನ್ನು ಒಂದೊಂದಾಗಿ ತಿರುವಿಹಾಕುತ್ತಿದ್ದ ಮುದುಕಿ. ಆ ಮುದುಕಿಯ ಪಕ್ಕದಲ್ಲಿ ಕೂತು ತಾನೂ ತಿರುವಿಹಾಕುತ್ತಿರುವ ವತ್ಸಲಾಳ ಕೈ. ಎಲ್ಲ ಫೋಟೋಗಳ ಅಂಚಿನಲ್ಲಿ ಡಬ್ಬಿ ಹಿಡಿದು ಕಾಯುತ್ತಿರುವ ನನ್ನ ಮೊಣಕೈ ಇದೆ.

ಲಂಪಾಂಗ್‌ನಲ್ಲಿ ನದಿಯ ದಂಡೆಯ ಮೇಲೆ ಒಂದು ಮರದ ಗೆಸ್ಟ್‌ಹೌಸಿನಲ್ಲಿ ಇಳಿದೆವು. ಟೆಸ್ಟಿಂಗಿನವರಿಗೆ ಒಂದು ಚಟವಿದೆ. ಫಲಿತಾಂಶ ಚೆನ್ನಾಗಿ ಬರುತ್ತಿದ್ದರೆ ಅದನ್ನು ಒಮ್ಮೆ ಖಾಲಿ ಇಟ್ಟು ನೋಡಬೇಕು. ಟವರು ಆಫ್ ಮಾಡಿದ ಮೇಲೂ ಫೋನು ಮೂರು ಎಂದರೆ ದೋಷ ಫೋನಿನಲ್ಲಿದೆ. ಅನುಮಾನವಿತ್ತೆಂದಲ್ಲ, ಇದು ಕೈಗೆ ಅಂಟಿದ ಅಭ್ಯಾಸ. ಮಾರ್ಕೆಟ್ಟಿನಿಂದ ಹೊಸ ತಗಡಿನ ಡಬ್ಬಿಯೊಂದನ್ನು ತಂದು, ತೊಳೆದು, ಒಣಗಿಸಿ, ಬೆಳಗಿನ ತಿಂಡಿಯಾದ ಮೇಲೆ ಜಗಲಿಯಲ್ಲಿ ಕೂತಿದ್ದ ಅವಳ ಹತ್ತಿರ ಹೋದೆ. ಅವಳು ರೂಢಿಯಂತೆ ಕಣ್ಣು ಮುಚ್ಚಿದಳು. ಮುಚ್ಚಳ ತೆಗೆದೆ.

"ಬಂತಾ?"

ಅವಳು ದೀರ್ಘವಾಗಿ ಉಸಿರೆಳೆದುಕೊಂಡಳು. "ಹೂಂ. ಮೂರು. ಮಲ್ಲಿಗೆ ಥರ ಏನೋ."

ಅವಳು ಕಣ್ಣು ಬಿಟ್ಟು ನನ್ನ ಮುಖ ನೋಡಿದಳು, ಆಮೇಲೆ ಡಬ್ಬಿಯೊಳಗೆ ನೋಡಿದಳು. ತಳದಲ್ಲಿ ತಗಡು ಹೊಳೆಯುತ್ತಿತ್ತು.

"ಪಾಯ್ ಊರಲ್ಲಿ ಹೇಳಿದ ಆ ಮೊದಲ ಅಂಕದಿಂದಲೂ?" ಎಂದೆ.

"ಮೊದಲಿಂದಲೂ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಸೊನ್ನೆ ಅಂದ್ರೆ ಇಡೀ ದಿನ ನೀವು ಮುಖ ಸಣ್ಣ ಮಾಡ್ಕೊಂಡು ಓಡಾಡ್ತೀರ. ಎರಡು ಅಂದ್ರೆ ಮಗು ಥರ ಕುಣೀತೀರ. ಹೋಗ್ಲಿ, ಒಬ್ಬರಾದ್ರೂ ಖುಷಿಯಾಗಿರಲಿ ಅಂತ ಹೇಳ್ದೆ." ನದಿಯ ಕಡೆ ತಿರುಗಿದಳು. "ಆದ್ರೆ ಖಾಲಿ ಡಬ್ಬಿ ಇಟ್ಟು ನೋಡ್ತೀರ ಅಂದ್ಕೊಂಡಿರಲಿಲ್ಲ ರೀ. ನಾನು ನಿಮ್ಮ ಫೋನಲ್ಲ."

ನನ್ನ ಐವತ್ತೊಂಬತ್ತು ವರ್ಷದಲ್ಲಿ ಅಷ್ಟು ನಾಚಿಕೆಯಾದದ್ದು ಇನ್ನೊಮ್ಮೆ ಇಲ್ಲ. ಆಗಲೇ ನನಗೆ ಅರ್ಥವಾದದ್ದು, ಇಷ್ಟು ದಿನ ನಾನು ಕಾಯುತ್ತಿದ್ದುದು ಅವಳ ಮೂಗಿಗಾಗಿ ಅಲ್ಲ. ಅವಳಿಗೆ ವಾಸನೆ ಬಂದುಬಿಟ್ಟರೆ ಆ ಗ್ಯಾರೇಜಿನ ಮಧ್ಯಾಹ್ನ ಅಳಿಸಿಹೋಗುತ್ತದೆ, ನಾನು ಬಿಡುಗಡೆಯಾಗುತ್ತೇನೆ, ಅಷ್ಟೇ. ಅದನ್ನು ಹೇಳಿದೆ. ಇಸ್ಪೀಟಿನಿಂದ ಹಿಡಿದು ಎಲ್ಲವನ್ನೂ ತೊದಲುತ್ತ ಹೇಳಿದೆ. "ಗೊತ್ತು," ಎಂದಳು. "ಇನ್ನೊಂದು ಸಲ ಬಂತಾ ಅಂತ ಕೇಳಿದ್ರೆ ಮಾತ್ರ ನಾನು ಒಬ್ಬಳೇ ಫ್ಲೈಟ್ ಹತ್ತಿ ವಾಪಸ್ ಹೋಗ್ತೀನಿ." ಎರಡು ದಿನ ನಾವು ಊಟ, ನೀರು, ಛತ್ರಿಯಷ್ಟನ್ನೇ ಮಾತಾಡಿದೆವು. ಏಳು ಕೊಳವೆಗಳನ್ನೂ ಗೆಸ್ಟ್‌ಹೌಸಿನ ಕೌಂಟರಿನಲ್ಲಿ ಬಿಟ್ಟುಬಿಟ್ಟೆ. ಅಲ್ಲಿದ್ದ ಹೆಂಗಸು ನನಗೆ ಭಾರೀ ನೆಗಡಿ ವಾಸಿಯಾಯಿತೆಂದು ತಿಳಿದು ಅಭಿನಂದಿಸಿದಳು.

ಆ ಗೆಸ್ಟ್‌ಹೌಸಿನ ಅಡುಗೆ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಪಾ ನೊಯ್ ಎನ್ನುತ್ತಿದ್ದರು. 'ಪಾ' ಎಂದರೆ ದೊಡ್ಡಮ್ಮ. ನಾವು ಮೀನಿನ ಸಾಸನ್ನೂ ಮುಟ್ಟದ ಸಸ್ಯಾಹಾರಿಗಳು ಎಂದು ತಿಳಿದು ಅವರು ಪಾಪ, ಮೊದಲ ದಿನದಿಂದಲೂ ಬೇರೆ ಬಾಣಲೆ ಇಟ್ಟಿದ್ದರು. ಮೂರನೆಯ ದಿನ ನಾನು ಅಡುಗೆಮನೆಯ ಕಡೆ ಹೋದಾಗ ವತ್ಸಲಾ ಅಲ್ಲಿ ಸಣ್ಣ ಮಣೆಯ ಮೇಲೆ ಕೂತು ಕಲ್ಲಿನ ಕುಟ್ಟಾಣಿಯಲ್ಲಿ ಕುಟ್ಟುತ್ತಿದ್ದಳು. ಮಜ್ಜಿಗೆಹುಲ್ಲು, ಈರುಳ್ಳಿ, ಒಣಮೆಣಸು, ನಿಂಬೆ ಎಲೆ. ಅವಳು ನಿಲ್ಲಿಸಿ, ಮೂಗು ತೋರಿಸಿ, ಕೈ ಆಡಿಸಿದಳು: ನನಗೆ ಗೊತ್ತಾಗುವುದಿಲ್ಲ. ಪಾ ನೊಯ್ ಇದೇನು ದೊಡ್ಡ ವಿಷಯ ಎನ್ನುವಂತೆ ತಲೆಯಾಡಿಸಿ ಅವಳ ಕಿವಿಯನ್ನು ಮುಟ್ಟಿದರು. "ಲಿಸನ್," ಎಂದರು. ಅವರಿಗೆ ಬರುತ್ತಿದ್ದ ಹತ್ತು ಇಂಗ್ಲಿಷ್ ಪದಗಳಲ್ಲಿ ಅದೊಂದು.

ಮೊದಲು ಕುಟ್ಟಾಣಿಯ ಸದ್ದು ಟಕ್ ಟಕ್ ಎಂದು ಗಡುಸಾಗಿತ್ತು. ನಾರು ಮುರಿದಂತೆ ಅದು ಒದ್ದೆಯಾಯಿತು, ಆಮೇಲೆ ಮೆತ್ತಗಾಯಿತು, ಕೊನೆಗೆ ಒಂದು ಹಂತದಲ್ಲಿ ಏಕಾಏಕಿ ಬದಲಾಯಿತು. ನನಗೆ ಹೇಗೆಂದು ಹೇಳಲು ಬರುವುದಿಲ್ಲ, ಆದರೆ ವತ್ಸಲಾಳ ಕೈ ಅಲ್ಲೇ ನಿಂತಿತು. ಪಾ ನೊಯ್ ಬಗ್ಗಿ ನೋಡಿ "ಸ್ಟಾಪ್" ಎಂದದ್ದು ಅದಾದ ಮೇಲೆ. ವತ್ಸಲಾ ನಕ್ಕಳು. ಆ ನಗುವನ್ನು ನಾನು ಎರಡು ವರ್ಷದಿಂದ ಕಂಡಿರಲಿಲ್ಲ. ನಮ್ಮ ಉಳಿದ ಪ್ರಯಾಣ ಲಂಪಾಂಗಿನಲ್ಲೇ ಮುಗಿಯಿತು. ಬೇರೆ ಊರುಗಳ ಬುಕಿಂಗನ್ನೆಲ್ಲ ಕ್ಯಾನ್ಸಲ್ ಮಾಡಿದೆ.

ಒಂದು ಸಂಜೆ ಅವಳು ಬಟ್ಟಲೊಂದನ್ನು ನನ್ನ ಮುಂದೆ ಹಿಡಿದಳು. "ಹೇಳಿ, ಹೇಗಿದೆ?"

"ಘಮ್ ಅಂತಿದೆ."

"ಘಮ್ ಅಂದ್ರೆ?"

ಎರಡು ವರ್ಷ ಅವಳ ಮೂಗನ್ನು ಅಳೆದವನಿಗೆ ಸ್ವಂತ ಮೂಗು ಉಪಯೋಗಿಸಿ ಗೊತ್ತಿರಲಿಲ್ಲ. "ಏನೋ... ಮಳೆಗಾಲದಲ್ಲಿ ಹುಲ್ಲು ಕೊಯ್ದ ಹಾಗೆ. ಆಮೇಲೆ ಸ್ವಲ್ಪ ಸೋಪು. ಕೊನೇಲಿ ಶುಂಠಿ ಇಣುಕಿ ಹೋಯ್ತು." ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. "ಪರವಾಗಿಲ್ಲ, ನಿಮಗೂ ಬರತ್ತೆ," ಎಂದಳು.

ಅಂದಿನಿಂದ ಮನೆಯಲ್ಲಿ ಇದೇ ಪದ್ಧತಿ. ಸಾಸಿವೆಯ ಚಟಪಟ, ಬೇಳೆಯ ಕೊತಕೊತ, ಸಾರು ಉಕ್ಕುವ ಮುಂಚಿನ ಆ ಒಂದು ಗಳಿಗೆಯ ಮೌನ, ಇವನ್ನೆಲ್ಲ ಅವಳು ಕಿವಿಯಿಂದ ನೋಡಿಕೊಳ್ಳುತ್ತಾಳೆ. ಹಿಂಗು ನನ್ನ ಜವಾಬ್ದಾರಿ. ಒಲೆಯ ಪಕ್ಕದಲ್ಲಿ ನಿಂತು "ಇನ್ನೂ ಹಸಿ ಇದೆ", "ಈಗ ಹುರಿದ ಘಮ ಬಂತು" ಎಂದು ವರದಿ ಒಪ್ಪಿಸುತ್ತೇನೆ. ತಪ್ಪಾಗುವುದುಂಟು. ಕಳೆದ ಯುಗಾದಿಯ ಪಾಟ್‌ಲಕ್‌ನಲ್ಲಿ ಸಾರಿನ ಮುಂದೆ ಮತ್ತೆ ಅವಳ ಹೆಸರು ಬಿತ್ತು. ಒಬ್ಬರು ಮೆಂತ್ಯ ಸ್ವಲ್ಪ ಮುಂದಾಯಿತು ಎಂದರು. ಅವಳು ನನ್ನ ಕಡೆ ಕೈ ತೋರಿಸಿ, "ಅದು ಇವರ ಡಿಪಾರ್ಟ್‌ಮೆಂಟು," ಎಂದಳು.

ಹಾಗಾಗಿಯೇ ಐ-5ರಲ್ಲಿ ಆ ಒಂದು ಪದವನ್ನು ನುಂಗಿಕೊಂಡದ್ದು. ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಟ್ರಾಫಿಕ್ಕು ಬಿಚ್ಚಿಕೊಂಡಿತು, ಬಲಗಡೆ ಸಮುದ್ರ ಕಾಣಿಸಿತು. ವತ್ಸಲಾ ಪೊಟ್ಟಣದಿಂದ ಒಂದು ಜೋಡಿ ಎಲೆ ತೆಗೆದು ಹರಿದು ನನ್ನ ಮೂಗಿನ ಹತ್ತಿರ ಹಿಡಿದಳು. "ಹೇಳಿ."

"ನಿಂಬೆ ಸಿಪ್ಪೆ," ಎಂದೆ. "ಸ್ವಲ್ಪ ಕಹಿ ಇರೋ ನಿಂಬೆ. ಹಿಂದಿನಿಂದ ಹಸಿ ಎಲೆ."

"ನಿಂಬೆ ಅಲ್ಲ ರೀ," ಎಂದಳು, ಎಲೆಯನ್ನು ತನ್ನ ಕಡೆ ತೆಗೆದುಕೊಳ್ಳುತ್ತ. "ಹೇರಳೆಕಾಯಿ. ಸಿಪ್ಪೆಗೆ ಉಗುರು ಚುಚ್ಚಿದ ತಕ್ಷಣ ಚುರ್ ಅಂತ ಬರತ್ತಲ್ಲ, ಅದು."

ಹೇರಳೆಕಾಯಿ ಎಂದು ನಾನು ಈ ಎಲೆಗೆ ಯಾವತ್ತೂ ಹೇಳಿರಲಿಲ್ಲ. ಮತ್ತೊಮ್ಮೆ ಮೂಸಿದೆ. ಹೌದು, ಅದೇ, ಮೈಸೂರಿನ ಅವಳ ತವರಿನ ಊಟದ ಎಲೆಯ ತುದಿಯಲ್ಲಿರುತ್ತಿದ್ದ ಹೇರಳೆಕಾಯಿ. ಅವಳಿಗೆ ಅದು ನೆನಪಿನಿಂದ ಬಂದಿರಬಹುದು. ಮೂಗಿನಿಂದಲೂ ಬಂದಿರಬಹುದು. ತಿಳಿದುಕೊಳ್ಳುವುದು ಬಲು ಸುಲಭ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಲವಂಗದ ಡಬ್ಬಿಯಿತ್ತು, ಹಿಂದಿನ ಸೀಟಿನಲ್ಲಿ ತಾರಾ ಕೊಟ್ಟ ಕಾಫಿಪುಡಿಯಿತ್ತು.

"ಹೌದು," ಎಂದೆ. "ಹೇರಳೆಕಾಯೇ."

ಅವಳು ನನ್ನ ಕಡೆ ತಿರುಗಿ ಕೂತಳು. "ಕೇಳಲ್ವಾ?"

"ಇಲ್ಲ."

ಅವಳು ಎಲೆಯನ್ನು ಇನ್ನೊಮ್ಮೆ ಹರಿದು, ಮೂಗಿನ ಹತ್ತಿರ ಹಿಡಿದುಕೊಂಡು, ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ನಾನು ಅವಳ ಮುಖ ನೋಡಲಿಲ್ಲ. ರಸ್ತೆ ನೋಡುತ್ತ ಕಾರು ಓಡಿಸಿದೆ.