ಇದು ವ್ಯಾಪಾರ ಅಲ್ಲ ಎಂದ ಶಾಂತವ್ವ

ಶಾಂತವ್ವ ಸೀನಿದ್ದನ್ನು ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನೋಡಲಿಲ್ಲ. ಬ್ಯಾಡಗಿಯಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಮೆಣಸಿನಕಾಯಿ ಗೋದಾಮಿನ ಬಾಗಿಲು ತೆರೆದರೆ ಹಮಾಲರು ಸೀನುತ್ತಾರೆ, ಖರೀದಿದಾರರು ಸೀನುತ್ತಾರೆ, ಮೂರು ತಲೆಮಾರಿನಿಂದ ಇದೇ ದಂಧೆಯಲ್ಲಿರುವ ನಾವೂ ಸೀನುತ್ತೇವೆ. ತೊಟ್ಟು ಬಿಡಿಸುವ ಇಪ್ಪತ್ತು ಹೆಂಗಸರಿಗೆ ಹಿರಿಯಳಾದ ಶಾಂತವ್ವ ಮಾತ್ರ ಆ ಘಾಟಿನ ನಡುವೆ ಮೂಗಿಗೆ ಸೆರಗೂ ಹಿಡಿಯದೆ ಕೂತಿರುತ್ತಿದ್ದಳು. ಕಾರಣ ಕೇಳಿದರೆ, "ಸೀನಿದ್ರ ಕೈ ನಿಂದರ್ತಾವ್ರಿ" ಎನ್ನುತ್ತಿದ್ದಳು.

ಅವಳಿಗೆ ಇದ್ದದ್ದು ಒಂದೇ ಮುಖ. ಮದುವೆಗೂ ಅದೇ, ಮಣ್ಣಿಗೂ ಅದೇ. ಒಮ್ಮೆ ನನ್ನ ಅಪ್ಪ ಗಿರಾಕಿಯ ಜೊತೆ ಮಾತಿನಲ್ಲಿ ಮುಳುಗಿದ್ದಾಗ ಊದಿನಕಡ್ಡಿಯ ಕಿಡಿ ಅವರ ಧೋತರಕ್ಕೆ ಹತ್ತಿತು. ಶಾಂತವ್ವ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತು, ಧೋತರ ಉರಿಯುತ್ತಿದೆ, ಮಾತು ಮುಗಿದ ಮೇಲೆ ಹೇಳಿ, ನೀರು ಹಾಕುತ್ತೇನೆ ಎಂದಳು. ಅಪ್ಪ ಮಾತು ಮುಗಿಸಿದ್ದು ಬಹಳ ಬೇಗ.

ನನ್ನ ಮಗಳು ಸಿಂಚನಾಗೆ ಆಗ ಮೂರೂವರೆ ವರ್ಷ. ಮಾತು ಬಂದಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಆದರೆ ಒಣ ಮೆಣಸಿನಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಬೀಜದ ಸದ್ದು ಕೇಳುತ್ತ ಅರ್ಧ ದಿನ ಕಳೆಯುತ್ತಿದ್ದಳು. ಕೊಟ್ಟಿದ್ದನ್ನೆಲ್ಲ ಮೊದಲು ಮೂಸುತ್ತಿದ್ದಳು. ರೊಟ್ಟಿ ಇಡಿಯಾಗಿರಬೇಕು, ಮುರಿದುಕೊಟ್ಟರೆ ತಟ್ಟೆಯನ್ನೇ ಮುಟ್ಟುತ್ತಿರಲಿಲ್ಲ. ಗೋದಾಮಿನ ನೆಲದ ಮೇಲೆ ಕಾಯಿಗಳನ್ನು ತೊಟ್ಟೆಲ್ಲ ಒಂದೇ ಕಡೆ ಬರುವಂತೆ ಸಾಲಾಗಿ ಇಡುತ್ತಿದ್ದಳು. ಸಾಲು ಬಾಗಿಲು ಮುಟ್ಟಿದರೆ ತುದಿಗಾಲಲ್ಲಿ ನಿಂತು ಎರಡೂ ಕೈ ಬಡಿಯುತ್ತಿದ್ದಳು.

ಬೇರೆ ಊರಾಗಿದ್ದರೆ ಯಾರಾದರೂ ಗಾಬರಿಯಾಗುತ್ತಿದ್ದರೋ ಏನೋ. ನಮ್ಮಲ್ಲಿ ವ್ಯಾಪಾರಿಗಳು ಮಾಲು ಹಸಿಯೋ ಒಣವೋ ಎಂದು ತಿಳಿಯುವುದೇ ಹೀಗೆ: ಅಲ್ಲಾಡಿಸಿ ಕೇಳುತ್ತಾರೆ, ಮೂಸಿ ನೋಡುತ್ತಾರೆ. ಅಪ್ಪ ಹಿಗ್ಗಿ ಹೀರೇಕಾಯಿಯಾದರು. ರಾಣೆಬೆನ್ನೂರಿನಿಂದ ಬಂದ ಖರೀದಿದಾರರ ಮುಂದೆ ಮೊಮ್ಮಗಳನ್ನು ಕೂರಿಸಿ, ಅವಳು ಬಿಸಾಕಿದ್ದು ಹಸಿ, ಇಟ್ಟುಕೊಂಡದ್ದು ಒಣ ಎಂದು ತೋರಿಸುತ್ತಿದ್ದರು. ಅದು ಖರೇನೇ ಆಗಿರುತ್ತಿತ್ತು. ಹಸಿ ಕಾಯಿ ಸದ್ದು ಮಾಡುವುದಿಲ್ಲವಲ್ಲ. ಮಾತಿನ ವಿಷಯ ಬಂದರೆ, ದೊಡ್ಡ ವ್ಯಾಪಾರಸ್ಥರು ಸುಮ್ಮನೆ ಬಾಯಿ ಬಿಡುವುದಿಲ್ಲ ಎನ್ನುತ್ತಿದ್ದರು. ನಾನೂ ನಂಬಿದೆ. ಬಿ.ಕಾಂ. ಓದಿದವನು ನಾನು.

ಶಾಂತವ್ವ ಹದಿನೈದು ದಿನ ಸುಮ್ಮನೆ ನೋಡಿದಳು. ಆಮೇಲೆ ಪರೀಕ್ಷೆಗಿಳಿದಳು. ಸಾಲಿನಲ್ಲಿ ಒಂದು ಕಾಯಿಯನ್ನು ಉಲ್ಟಾ ಇಟ್ಟಳು. ಸಿಂಚನಾ ಸರಿ ಮಾಡಿದಳು. ಮತ್ತೆ ಉಲ್ಟಾ, ಮತ್ತೆ ಸರಿ. ಮರುದಿನ ಕಾಯಿಯ ಬದಲು ಹೆಂಗಸರ ಚಪ್ಪಲಿಗಳನ್ನೆಲ್ಲ ಅವಳ ಮುಂದೆ ರಾಶಿ ಹಾಕಿದಳು. ಇಪ್ಪತ್ತು ಜೋಡಿಯೂ ಸಾಲಾದವು. ಸಂಜೆ ಹೆಂಗಸರು ಚಪ್ಪಲಿ ಮೆಟ್ಟಿ ಮನೆಗೆ ಹೊರಟಾಗ ಸಾಲು ಕೆಟ್ಟಿತೆಂದು ಮಗಳು ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ಶಾಂತವ್ವ ನನ್ನ ಹತ್ತಿರ ಬಂದಳು.

"ಸಾವಕಾರ್ರ, ಇದು ವ್ಯಾಪಾರ ಅಲ್ರಿ. ಮಾಲು ಹೋತಂತ ಯಾವ ವ್ಯಾಪಾರಸ್ಥ ಅಳತಾನ? ಕೂಸಿನ ಕಿವಿ ಛಲೋ ಅದಾವ, ಹೆಸರ ಹಿಡದ ಕರದ್ರ ಹೊಳ್ಳಿ ನೋಡಂಗಿಲ್ಲ. ದವಾಖಾನಿಗೆ ತೋರಸ್ರಿ."

ನನಗೆ ಪಿತ್ತ ನೆತ್ತಿಗೇರಿತು. ನಿನ್ನ ಕೆಲಸ ತೊಟ್ಟು ಬಿಡಿಸುವುದು, ಅದನ್ನು ಮಾಡು ಎಂದೆ. ಹೂಂ ಎಂದು ಹೋಗಿ ತೊಟ್ಟು ಬಿಡಿಸಿದಳು. ಮುಂದೆ ಒಂದು ತಿಂಗಳು ನಾನು ಆ ಕಡೆ ಹಾಯಲಿಲ್ಲ.

ಜೂನಿನಲ್ಲಿ ಮಗಳನ್ನು ಶಾಲೆಗೆ ಹಾಕಿದೆವು. ಗಂಟೆ ಬಾರಿಸಿದೊಡನೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರಿದವಳು ಊಟದ ಹೊತ್ತಾದರೂ ಹೊರಬರಲಿಲ್ಲ. ಮೂರನೇ ದಿನ ಮನೆಗೇ ಕಳಿಸಿದರು. ಅವತ್ತು ನಾನಾಗಿಯೇ ಹೋಗಿ ಶಾಂತವ್ವನ ಎದುರು ಕೂತೆ, ಬೈದರೆ ಬೈಸಿಕೊಳ್ಳೋಣ ಎಂದು. ಅವಳು ಬೈಯಲಿಲ್ಲ. ಕೈ ನಿಲ್ಲಿಸದೆ ಮೋಟೆಬೆನ್ನೂರಿನ ತನ್ನ ತಮ್ಮನ ವಿಷಯ ಹೇಳಿದಳು. ಅವನೂ ದಿನವಿಡೀ ಕೂತಲ್ಲೇ ತೂಗುತ್ತಿದ್ದನಂತೆ, ಬೆಳಕಿಗೆ ಬೆರಳು ಹಿಡಿದು ಆಡಿಸುತ್ತಿದ್ದನಂತೆ. ದೇವರು ಮೈಮೇಲೆ ಬಂದಿದೆಯೆಂದು ಮನೆಯವರು ಭಂಡಾರ ಹಚ್ಚಿ ಗದ್ದುಗೆಯ ಮೇಲೆ ಕೂರಿಸಿದರು. ಊರ ಜನ ಬಂದು ತೆಂಗಿನಕಾಯಿ ಒಡೆಸಿದರು. ಮೂವತ್ತು ವರ್ಷ ಬದುಕಿದ. ನೀರಡಿಸಿದರೆ ನೀರು ಕೇಳಲು ಕೂಡ ಅವನಿಗೆ ಕೊನೆಯವರೆಗೂ ಬರಲಿಲ್ಲ.

"ದೇವರಿಗೆ ಯಾರು ಮಾತು ಕಲಸತಾರ್ರಿ" ಎಂದಳು. "ನಾವು ಅವನ್ನ ದೇವರ ಮಾಡಿದ್ವಿ. ನೀವು ಕೂಸನ್ನ ವ್ಯಾಪಾರಸ್ಥರ ಮಾಡೀರಿ. ಅಷ್ಟ ಫರಕ."

ಹೆಂಗಸರೆಲ್ಲ ನೋಡುತ್ತಿದ್ದರು. ನಾನು ಅತ್ತೆ. ಮೆಣಸಿನಕಾಯಿ ಘಾಟು ಎಂದು ಅವರು ತಿಳಿದುಕೊಂಡಿರಬೇಕು.

ಹಾವೇರಿಯ ಮಕ್ಕಳ ಡಾಕ್ಟರು ಆಟಿಸಂ ಎಂದರು. ಮಾತ್ರೆ ಕೊಟ್ಟು ಕಳಿಸುವ ರೋಗವಲ್ಲ, ಕೂತು ಕಲಿಸಬೇಕು ಎಂದರು. ವಾರಕ್ಕೆರಡು ದಿನ ರಾಣೆಬೆನ್ನೂರಿನಲ್ಲಿ ತರಬೇತಿ. ಬಸ್ಸಿನ ಹಾರ್ನಿಗೆ ಮಗಳು ಕಿರುಚುತ್ತಿದ್ದಳು, ಜನ ತಿರುಗಿ ನಮಗೆ ಬುದ್ಧಿ ಹೇಳುತ್ತಿದ್ದರು. ಶಾಂತವ್ವ ಜೊತೆಗೆ ಬಂದು, ಎರಡು ಕಿಲೋ ಜೋಳ ತುಂಬಿದ ಚೀಲವನ್ನು ಅವಳ ತೊಡೆಯ ಮೇಲಿಟ್ಟಳು. ಆ ಭಾರಕ್ಕೆ ಮಗಳು ತಣ್ಣಗಾದಳು. ವಿಷಯ ತಿಳಿದ ತರಬೇತಿಯ ಮೇಡಂ ಬೆರಗಾಗಿ, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಬಸ್ಸು ಕುಣಿಯುತ್ತಿತ್ತು, ಕೂಸು ಹಾರಬಾರದೆಂದು ಇಟ್ಟೆ ಎಂದಳು ಶಾಂತವ್ವ.

ಮೇಡಂ ಚಿತ್ರದ ಕಾರ್ಡುಗಳನ್ನು ಕೊಟ್ಟರು. ರೊಟ್ಟಿಯ ಕಾರ್ಡು ನಮ್ಮ ಕೈಗಿಟ್ಟರೆ ರೊಟ್ಟಿ, ನೀರಿನ ಕಾರ್ಡಿಗೆ ನೀರು. ನಿಯಮ ಒಂದೇ: ಕೇಳಿದ ತಕ್ಷಣ ಕೊಡಬೇಕು. ಕೇಳಿದರೆ ಸಿಗುತ್ತದೆಂಬ ನಂಬಿಕೆ ಮಗುವಿಗೆ ಬರಬೇಕು. ನನ್ನ ಹೆಂಡತಿ ಶಾಂತವ್ವನ ಫೋಟೋದ್ದೂ ಒಂದು ಕಾರ್ಡು ಮಾಡಿದಳು. ನಗು ಎಂದರೆ ಶಾಂತವ್ವ ಒಪ್ಪಲಿಲ್ಲ. ನಕ್ಕರೆ ಕೂಸಿಗೆ ಗುರುತು ಸಿಗುವುದಿಲ್ಲವಂತೆ.

ಎಂಟು ತಿಂಗಳು ಮಗಳು ಕಾರ್ಡುಗಳನ್ನು ಮೂಸಿದಳು, ಸಾಲಾಗಿಟ್ಟಳು. ಒಂದು ಬೆಳಿಗ್ಗೆ ಹತ್ತಕ್ಕೆ ಒಂದನ್ನು ತಂದು ನನ್ನ ಅಂಗೈಯಲ್ಲಿಟ್ಟಳು. ಶಾಂತವ್ವನ ಕಾರ್ಡು. ನಾನು ಬರಿಗಾಲಲ್ಲಿ ಗೋದಾಮಿಗೆ ಓಡಿದೆ. ಅವಳು ಬಂದು ಮುಂದೆ ನಿಂತು, "ಬಂದೇನಿ" ಎಂದಳು. ಮಗಳು ಅವಳ ಸೆರಗು ಮೂಸಿ ಕೈ ಬಡಿದಳು. ಮುಂದೆ ದಿನವೂ ಹತ್ತಕ್ಕೆ ಇದೇ. ಕೆಲವು ದಿನ ಹತ್ತು ಸಲ. ಶಾಂತವ್ವ ಪ್ರತಿ ಸಲವೂ ಕೆಲಸ ಬಿಟ್ಟು ಎದ್ದುಬಂದಳು.

ಕಳೆದ ಕಾರ್ತೀಕದಲ್ಲಿ ಶಾಂತವ್ವ ಎಂಟು ದಿನಕ್ಕೆಂದು ಹೊಸರಿತ್ತಿಯಲ್ಲಿರುವ ತನ್ನ ಮಗಳ ಮನೆಗೆ ಹೋದವಳು ಅಲ್ಲೇ ಎದೆನೋವಿನಿಂದ ತೀರಿಕೊಂಡಳು. ಮಣ್ಣು ಮುಗಿಸಿ ಬಂದ ಮರುದಿನ ಬೆಳಿಗ್ಗೆ ಹತ್ತಕ್ಕೆ ಸಿಂಚನಾ ಕಾರ್ಡು ತಂದುಕೊಟ್ಟಳು. ಅವಳನ್ನು ಗೋದಾಮಿಗೆ ಕರೆದೊಯ್ದು ಖಾಲಿ ಜಾಗ ತೋರಿಸಿದೆ. ಮನೆಗೆ ಬಂದವಳು ಅದೇ ಕಾರ್ಡನ್ನು ಮತ್ತೆ ನನ್ನ ಅಂಗೈಯಲ್ಲಿಟ್ಟು, ಈ ಸಲ ಸ್ವಲ್ಪ ಒತ್ತಿದಳು. ನನಗೆ ತಿಳಿಯಲಿಲ್ಲವೆಂದುಕೊಂಡಿರಬೇಕು.

ಆ ಕಾರ್ಡನ್ನು ತೆಗೆದಿಡಿ ಎಂದು ಮೇಡಂ ಹೇಳಿದ್ದಾರೆ. ನಾನಿನ್ನೂ ತೆಗೆದಿಲ್ಲ. ಕೇಳುವುದನ್ನೇ ಬಿಟ್ಟುಬಿಟ್ಟರೆ ಎಂದು ನನಗೆ ಹೆದರಿಕೆ. ಇವತ್ತೂ ಹತ್ತಕ್ಕೆ ತಂದುಕೊಟ್ಟು, ಬಾಗಿಲ ಕಡೆ ಮುಖ ಮಾಡಿ ನಿಂತಳು.