ಎರೆಹೊಲದಲ್ಲಿ ಹಡಗು ಕಲಿಸಿದ ಮಾಸ್ತರು

ಅವರ ಬಲಗಿವಿಯ ಹಿಂದೆ, ಎಲುಬು ಉಬ್ಬಿದ ಜಾಗದಲ್ಲಿ, ನಾಲ್ಕಾಣೆಯಷ್ಟಗಲದ ಒಂದು ಕಪ್ಪು ಗಟ್ಟಿ ಕಲೆ ಇತ್ತು. ನೊಗ ಹೊತ್ತು ಹೊತ್ತು ಎತ್ತಿನ ಹೆಗಲಿಗೆ ಆಗುತ್ತದಲ್ಲ, ಅಂಥದ್ದು. ಇಪ್ಪತ್ತು ವರ್ಷದ ಮೇಲೆ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ಎರಡೂ ಕಿವಿ ಅರ್ಧಕ್ಕರ್ಧ ಹೋಗಿದ್ದವು. ಮನುಷ್ಯರ ಮಾತು ಸರಿಯಾಗಿ ಕೇಳದಿದ್ದರೂ ಎಂಜಿನ್ನಿನ ಮಾತು ಕೇಳುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಆನಿಸಿ, ಹಿಡಿಕೆಯನ್ನು ಆ ಕಲೆಯ ಮೇಲೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಒಳಗ ಒಬ್ಬಾವ ಕೆಮ್ಮಾಕತ್ತಾನ, ಬಿಚ್ಚರಿ," ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಬೇರಿಂಗ್ ಸವೆದಿರುತ್ತಿತ್ತು.

ಮುದ್ದೇಬಿಹಾಳದಲ್ಲಿ ಎಲ್ಲರೂ ಅವರನ್ನು ಹಡಗಿನ ಮಾಸ್ತರು ಅನ್ನುತ್ತಿದ್ದರು. ಯಾವ ಸಾಲಿಯಲ್ಲೂ ಕಲಿಸಿದವರಲ್ಲ. ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋಗಿ, ಎಂಜಿನ್ನಿಗೆ ಎಣ್ಣೆ ಬಿಡುವ ತೇಲವಾಲಾ ಆಗಿ ಹಡಗು ಸೇರಿದವರು. ಕಡೆಗೆ ಎಂಜಿನ್ ಕೋಣೆಯ ಆಳುಗಳಿಗೆಲ್ಲ ಮುಖಂಡನಾಗಿ, ಅಂದರೆ ಸಾರಂಗ ಆಗಿ, ಊರಿಗೆ ಮರಳಿದವರು. ಬಂದಮೇಲೆ ಊರ ಹೊರಗಿನ ಹತ್ತಿ ಗಿರಣಿಯ ದೊಡ್ಡ ಡೀಸೆಲ್ ಎಂಜಿನ್ ನೋಡಿಕೊಂಡಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಫಿಟ್ಟರ್ ಕೆಲಸ ಕಲಿತು, ನೌಕರಿ ಸಿಗದೆ, ಬಸ್‌ಸ್ಟ್ಯಾಂಡಿನ ಕಟ್ಟೆ ಸವೆಸುತ್ತಿದ್ದ ನಮ್ಮ ನಾಲ್ಕು ಮಂದಿಯನ್ನು ಅವರೇ ಕರೆದು ಕೂಡಿಸಿದರು. "ಹಡಗಿನ ಎಂಜಿನ್ ಕಾಯೂದು ಕಲಸ್ತೇನಿ. ಕಲತಾವಗ ಮುಂಬಯಿಗೆ ಚೀಟಿ ಕೊಡ್ತೇನಿ. ಕಲೀದಾವಗ ಇಲ್ಲ." ಮುಂಬಯಿಯ ಒಂದು ಹಡಗಿನ ಕಂಪನಿಯಲ್ಲಿ ಅವರ ಹಳೆಯ ಎಂಜಿನಿಯರ್ ಸಾಹೇಬರಿದ್ದರು. ಮಾಸ್ತರರ ಚೀಟಿ ಹಿಡಿದು ಹೋದವನನ್ನು ಅವರು ಹಿಂದಕ್ಕೆ ಕಳಿಸುತ್ತಿರಲಿಲ್ಲ. ನಮಗೆ ಬೇಕಾದದ್ದು ಆ ಚೀಟಿ, ಮತ್ತೇನಲ್ಲ.

ನಾವು ನಾಲ್ವರೂ ನಾಲ್ಕು ಕಡೆಯವರು. ಅವರು ನಮ್ಮನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ. "ಏ ಇಂಡಿ, ಎಣ್ಣಿ ಕುಪ್ಪಿ ನೋಡು! ಬಾಗೇವಾಡಿ, ನಿದ್ದಿ ಬಂತೇನಲೇ?" ಗಿರಣಿಯ ಹೊರಗೆ ನಿಂತು ಕೇಳಿದವರಿಗೆ ಯಾವನೋ ತಹಶೀಲ್ದಾರ ತಾಲ್ಲೂಕುಗಳಿಗೆಲ್ಲ ಬೈಯುತ್ತಿದ್ದಾನೆ ಅನ್ನಿಸಬೇಕು. ಆ ಮುದ್ದೇಬಿಹಾಳ ನಾನು.

ಮೊದಲ ತಿಂಗಳು ನಟ್ಟು ಬಿಚ್ಚುವ ಪಾನಾ ಮುಟ್ಟಗೊಡಲಿಲ್ಲ. ಒರೆಸುವುದೊಂದೇ ಕೆಲಸ. ಐಟಿಐ ಪಾಸಾದವರು ನಾವು, ಚಿಂದಿ ಹಿಡಿದು ಎಂಜಿನ್ ಒರೆಸಬೇಕಂತೆ! ನನಗೆ ಮೈ ಉರಿದುಹೋಗಿತ್ತು. "ಒರಸಿದಾವಗ ಗೊತ್ತಾಗತೈತಿ, ನಿನ್ನೆ ಒಣಗಿದ್ದ ಜಾಗಾ ಇವತ್ತ ಯಾಕ ಹಸಿ ಆಗೈತಿ ಅಂತ. ಪಾನಾ ಹಿಡದಾವಗ ಏನ ಗೊತ್ತಾಗತೈತಿ?" ಅನ್ನುತ್ತಿದ್ದರು. ಬೇರಿಂಗ್ ಬಿಸಿಯಾಗಿದೆಯೋ ಎಂದು ನೋಡಲು ಅಂಗೈ ಹಚ್ಚಿದರೆ ಕೈಮೇಲೆ ಪಟ್ಟನೆ ಏಟು. "ಅಂಗೈ ಸುಟ್ಟರ ಮುಂದ ಕೆಲಸಾ ಯಾರು, ನಿಮ್ಮಪ್ಪ ಮಾಡ್ತಾನೇನು? ಕೈ ಹಿಂದಿನ ಮಗ್ಗಲ ಹಚ್ಚು." ಕಣ್ಣಿಗೆ ಟಾವೆಲ್ ಕಟ್ಟಿ, ಎಣ್ಣೆಯ ತಿರುವು ಎಲ್ಲಿ, ನೀರಿನ ತಿರುವು ಎಲ್ಲಿ, ನಡೆದು ಹೋಗಿ ಮುಟ್ಟು ಅನ್ನುತ್ತಿದ್ದರು. ಸಮುದ್ರದ ಮೇಲೆ ದೀಪ ಹೋದರೆ ಯಾರೂ ಕಂದೀಲು ಹಿಡಿದು ಬರುವುದಿಲ್ಲ ನೋಡು.

ಆದರೆ ಹಡಗು ಓಲಾಡುವುದನ್ನು ಗಿರಣಿಯಲ್ಲಿ ಹೇಗೆ ಕಲಿಸುವುದು? ಅದಕ್ಕೂ ಅವರಲ್ಲಿ ಉಪಾಯವಿತ್ತು. ಖಾಲಿ ಚಕ್ಕಡಿಯ ಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ನಿಲ್ಲಿಸಿ, ಒಂದು ಕೈಗೆ ಎಣ್ಣೆಯ ಡಬ್ಬಿ, ಇನ್ನೊಂದಕ್ಕೆ ಸಣ್ಣ ಬಾಯಿಯ ಬಾಟಲಿ ಕೊಟ್ಟು, ನೇಗಿಲು ಹೊಡೆದ ಎರೆಹೊಲದಲ್ಲಿ ಚಕ್ಕಡಿ ಹೊಡೆಸುತ್ತಿದ್ದರು. ಒಂದು ಹನಿ ಚೆಲ್ಲದಂತೆ ಬಾಟಲಿ ತುಂಬಬೇಕು. ಗಾಲಿ ಹೆಂಟೆಯ ಮೇಲೆ ಏರಿದಾಗಲೆಲ್ಲ ಅವರು ಪಕ್ಕದಲ್ಲಿ ಧೋತರ ಎತ್ತಿಕೊಂಡು ಓಡುತ್ತ, "ಹಡಗ ಎಡಕ್ಕ ವಾಲಿತು! ಮೊಣಕಾಲ ಸಡಲ ಬಿಡಲೇ!" ಎಂದು ಒದರುತ್ತಿದ್ದರು. ಒಮ್ಮೆ ಇಂಡಿ ಎಣ್ಣೆ ಸಮೇತ ಮಗುಚಿ ಕೆಳಗೆ ಬಿದ್ದ. ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳಿಗೆ ನಗೆ ತಡೆಯಲಿಲ್ಲ. "ಮಾಸ್ತರ, ಹಡಗ ಮುಣಗಿತೇನ್ರಿ?" ಅಂದಳು ಒಬ್ಬಾಕೆ. ಈ ಮಾತು ಮಾತ್ರ ಅವರಿಗೆ ಹೇಗೆ ಕೇಳಿಸಿತೋ! "ಇಲ್ಲ ತಂಗಿ, ಬಂದರಕ್ಕ ಹತ್ತೇತಿ!" ಅಂದು ತಾವೂ ನಕ್ಕರು.

ಅವರು ನಗದೆ ಕಲಿಸಿದ್ದು ಒಂದೇ ಪಾಠ. ಪಾಳಿ ಒಪ್ಪಿಸುವುದು.

ನಾಲ್ಕು ನಾಲ್ಕು ತಾಸಿನ ಪಾಳಿ. ಗಿರಣಿಯ ಎಂಜಿನ್ನನ್ನೂ ನಾವು ಹಡಗಿನ ಪ್ರಕಾರವೇ ಕಾಯಬೇಕು. ಹೊಸದಾಗಿ ಬಂದವನು ತಾನೇ ಒಂದು ಸುತ್ತು ಹಾಕಿ, ಮುಟ್ಟಿ, ನೋಡಿ, ಗೋಡೆಯ ಪಾಟಿಯ ಮೇಲೆ ಬರೆದ ಎಣ್ಣೆ, ನೀರಿನ ಲೆಕ್ಕ ಸರಿ ಇದೆಯೋ ಪರೀಕ್ಷೆ ಮಾಡಿ, ಬಾಯಿ ಬಿಟ್ಟು "ನಾ ತಗೊಂಡೆ" ಅನ್ನಬೇಕು. ಆಮೇಲಷ್ಟೇ ಮೊದಲಿನವನು ಬಾಗಿಲು ದಾಟಬೇಕು. ಬರುವವನು ತಡಮಾಡಿದನೋ, ಕಾದಿರು. ಜ್ವರ ಬಂದು ನಡುಗುತ್ತ ಬಂದನೋ, ಒಪ್ಪಿಸಬೇಡ, ಅವನ ಪಾಳಿಯನ್ನೂ ನೀನೇ ಮಾಡು. "ಅವ ತಗೊಂಡೆ ಅನ್ನೂತನಕಾ ಎಂಜಿನ್ ನಿನ್ನ ಕೊರಳಿಗೆ ಕಟ್ಟೇತಿ. ನಿಮ್ಮವ್ವ ಸತ್ತಾಳಂತ ತಾರ ಬಂದರೂ ಅಷ್ಟ."

ಈಗ ನನ್ನ ಕಥೆ. ಸಿಂದಗಿ ಶನಿವಾರ ಸಂಜೆ ಊರಿಗೆ ಹೋಗಿ ಸೋಮವಾರ ಮಧ್ಯಾಹ್ನದ ಬಸ್ಸಿಗೆ ಮರಳುತ್ತಿದ್ದ. ಬಸ್ಸು ಗಿರಣಿಯ ಮುಂದೆಯೇ ಹಾಯುತ್ತಿತ್ತು. ಅದು ಹೋಗಿ ಹತ್ತು ನಿಮಿಷಕ್ಕೆ ಅವನು ಸ್ಟ್ಯಾಂಡಿನಿಂದ ನಡೆದು ಬಂದು ಹನ್ನೆರಡರ ಪಾಳಿ ಹಿಡಿಯುತ್ತಿದ್ದ. ಎಂಟರಿಂದ ಹನ್ನೆರಡು ನನ್ನದು. ಆ ಸೋಮವಾರ ಬಸವನ ಬಾಗೇವಾಡಿಯಲ್ಲಿ ನಮ್ಮ ಬಸುರಿ ಅಕ್ಕನ ಕುಬಸ. ಹನ್ನೆರಡೂ ಹತ್ತಕ್ಕೆ ಬಾಗೇವಾಡಿ ಬಸ್ಸು. ತವರಿನಿಂದ ತಮ್ಮ ಹೋಗದಿದ್ದರೆ ಬೀಗರೆದುರು ಅಕ್ಕನ ಮುಖ ಉಳಿಯುತ್ತದೆಯೇ? ಮಾಸ್ತರು ಊಟಕ್ಕೆ ಮನೆಗೆ ಹೋಗಿದ್ದರು. ಸಿಂದಗಿಯ ಬಸ್ಸು ಧೂಳೆಬ್ಬಿಸಿಕೊಂಡು ಹಾದದ್ದನ್ನು ಕಿಟಕಿಯಿಂದ ಕಣ್ಣಾರೆ ನೋಡಿದೆ. ಬಂದೇ ಬಿಟ್ಟ ಇವನು, ಇನ್ನೇನು ಅಂದುಕೊಂಡು ಪಾಟಿಯ ಮೇಲೆ ಲೆಕ್ಕ ಬರೆದು, ಕೈ ಒರೆಸಿಕೊಂಡು, ಹೊಲದ ಅಡ್ಡದಾರಿ ಹಿಡಿದು ಸ್ಟ್ಯಾಂಡಿಗೆ ಹೊರಟುಬಿಟ್ಟೆ.

ಸಿಂದಗಿ ಆ ಬಸ್ಸಿನಲ್ಲಿ ಇರಲೇ ಇಲ್ಲ. ಅವರ ಮನೆಯಲ್ಲಿ ಏನೋ ಅಡಚಣೆಯಾಗಿ ಮುಂದಿನ ಬಸ್ಸಿಗೆ ಬಂದ. ಅಷ್ಟರಲ್ಲಿ ತಣ್ಣೀರು ದಬ್ಬುವ ಪಂಪಿನ ಪಟ್ಟಿ ಜಾರಿತ್ತು. ಯಾರಾದರೂ ಅಲ್ಲಿದ್ದರೆ ಅರ್ಧ ನಿಮಿಷದ ಕೆಲಸ, ಎಂಜಿನ್ ನಿಲ್ಲಿಸಿದ್ದರೆ ಆಗಿತ್ತು. ಯಾರೂ ಇರಲಿಲ್ಲ. ನೀರಿಲ್ಲದೆ ಎಂಜಿನ್ ಕಾದು, ಪಿಸ್ಟನ್ ಹಿಡಿದುಕೊಂಡು, ಒಳಗಿನ ಕಬ್ಬಿಣವೇ ಸೀಳಿತು. ಹತ್ತಿಯ ಸುಗ್ಗಿ ಬೇರೆ.

ಮರುದಿನ ನಾನು ಕುಬಸದ ಹೋಳಿಗೆ ತಿಂದು ಗಿರಣಿಗೆ ಬಂದಾಗ ಅಂಗಳದ ತುಂಬ ಹತ್ತಿ ತುಂಬಿದ ಚಕ್ಕಡಿಗಳು ನಿಂತಿದ್ದವು. ಎಂಜಿನ್ ಕೋಣೆಯಲ್ಲಿ ಗಿರಣಿಯ ಸಾವಕಾರರು ಕೂಗಾಡುತ್ತಿದ್ದರು. "ಯಾರದಿತ್ತರಿ ಪಾಳಿ? ಆ ಹುಡುಗನ ಹೆಸರ ಹೇಳ್ರಿ, ಪೊಲೀಸರಿಗೆ ಕೊಡ್ತೇನಿ!" ಬಾಗಿಲಲ್ಲಿ ನಾನು. ನನ್ನ ಪಕ್ಕದಲ್ಲಿ ಸಿಂದಗಿ. ಮಾಸ್ತರು ನನ್ನ ಕಡೆ ಒಮ್ಮೆ ನೋಡಿದರು. ನಾನು ನೆಲ ನೋಡಿದೆ.

"ನನ್ನ ಪಾಳಿ ಇತ್ತರಿ ಸಾವಕಾರ್ರ," ಅಂದರು ಮಾಸ್ತರು. "ಪಂಪ ನೋಡೂದು ಮರತೆ. ವಯಸ್ಸಾತು."

ಬಾಯಿ ತೆಗೆದು ಒಂದು ಮಾತು ಹೇಳಬೇಕಿತ್ತು ನಾನು. ನಾಲಿಗೆಗೆ ಏನು ಧಾಡಿಯಾಗಿತ್ತೋ, ಹೇಳಲಿಲ್ಲ. ಸಾವಕಾರರು ಅಂದೇ ಅವರನ್ನು ಕೆಲಸದಿಂದ ಬಿಡಿಸಿದರು. ಕಿವಿಯ ಹಿಂದೆ ಒತ್ತುವ ಆ ಸ್ಕ್ರೂಡ್ರೈವರನ್ನು ಧೋತರದ ಸೆರಗಿನಲ್ಲಿ ಸುತ್ತಿಕೊಂಡು ಅವರು ಚಕ್ಕಡಿಗಳ ನಡುವೆ ನಡೆದುಹೋದರು. ಸಿಂದಗಿ ನನ್ನ ಅಂಗಿ ಹಿಡಿದು, "ಏನ ಮನಶ್ಯಾ ಅದಿಯೋ ನೀ? ಥೂ!" ಅಂದ.

ಊರಿಗೆ ನಗಲು ಒಂದು ವಿಷಯ ಸಿಕ್ಕಿತು. ಏಳು ಸಮುದ್ರ ದಾಟಿ ಬಂದ ಮಾಸ್ತರು ಒಣ ನೆಲದ ಮೇಲೆ ಎಂಜಿನ್ ಸುಟ್ಟರು ಅಂತ ಚಹದಂಗಡಿಯಲ್ಲಿ ವರ್ಷಗಟ್ಟಲೆ ಆಡಿಕೊಂಡರು.

ಇಷ್ಟಾದರೂ ನನಗೆ ಚೀಟಿಯ ಆಸೆ ಹೋಗಿರಲಿಲ್ಲ, ನೋಡ್ರಿ ನನ್ನ ನಾಚಿಕೆಗೇಡಿತನ! ತಿಂಗಳೊಪ್ಪತ್ತಿನಲ್ಲಿ ಅವರು ಉಳಿದ ಮೂವರಿಗೂ ಚೀಟಿ ಬರೆದು ಮುಂಬಯಿಗೆ ಕಳಿಸಿದರು. ನನಗೆ ಇಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ತೂಕ ಮಾಡುತ್ತಿದ್ದ ನಮ್ಮಪ್ಪನಿಗೆ ನಡೆದದ್ದೇನೂ ಗೊತ್ತಿರಲಿಲ್ಲ. ನನ್ನನ್ನು ಕರಕೊಂಡು ಮಾಸ್ತರರ ಮನೆಗೆ ಹೋದ. ರುಮಾಲು ಕೈಯಲ್ಲಿ ಹಿಡಿದು ಕೇಳಿದ.

"ನಮ್ಮ ಹುಡುಗಂದೇನ ತಪ್ಪರಿ ಮಾಸ್ತರ? ಮೂರೂ ಮಂದಿ ಹ್ವಾದರು. ಇವನೊಬ್ಬಾವ ಉಳದ."

ಮಾಸ್ತರು ನನ್ನ ತಪ್ಪು ಹೇಳಲಿಲ್ಲ. ಅಪ್ಪನನ್ನು ಕಟ್ಟೆಯ ಮೇಲೆ ಕೂಡಿಸಿ, ನೀರು ಕೊಟ್ಟು, ಸಾವಕಾಶವಾಗಿ ಅಂದರು. "ಯಜಮಾನ್ರ, ಇವ ಕೆಳಗ ಎಂಜಿನ್ ಕಾಯಾಕತ್ತಾಗ ಮ್ಯಾಲೆ ಮೂವತ್ತ ನಾಲ್ವತ್ತ ಮಂದಿ ನಿಶ್ಚಿಂತಿಲೆ ಮಲಗಿರ್ತಾರ. ಅವರಿಗೂ ಮನ್ಯಾಗ ಅಪ್ಪಂದಿರು ಇರ್ತಾರಲ್ಲರಿ. ಚೀಟಿ ಕೊಟ್ಟಾವ ನಾನು. ನಿಮಗ ಉತ್ತರಾ ಹೇಳಿಧಂಗ ಅವರಿಗೂ ಹೇಳಬೇಕಾಕ್ಕೇತಿ. ಇನ್ನೊಂದ ವರ್ಷ ಬಿಡ್ರಿ ಇವನ್ನ ನನ್ನ ಕೂಡ."

ದಾರಿಯಲ್ಲಿ ನಾನು ಮಾಸ್ತರರನ್ನು ಬಾಯಿಗೆ ಬಂದಂತೆ ಬೈದೆ. ಹದಿನೈದು ದಿನ ಅತ್ತ ಮುಖ ಹಾಕಲಿಲ್ಲ. ಹದಿನಾರನೆಯ ದಿನ ಮುಳವಾಡದ ಕಡೆ ಹೋಗುವ ಬಸ್ಸಿನ ಹತ್ತಿರ ಅವರು ನಿಂತದ್ದು ಕಂಡಿತು. ಹೆಗಲ ಮೇಲೆ ಹತ್ಯಾರಗಳ ಚೀಲ. ಗಿರಣಿ ಬಿಟ್ಟಮೇಲೆ ಊರೂರು ತಿರುಗಿ ಬಾವಿಯ ಪಂಪುಗಳ ಎಂಜಿನ್ ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ಚೀಲದ ಭಾರಕ್ಕೆ ಒಂದು ಹೆಗಲು ಇಳಿಬಿದ್ದಿತ್ತು. ನನಗೆ ಅದನ್ನು ನೋಡಲಾಗಲಿಲ್ಲ. ಹೋಗಿ ಚೀಲ ಇಸಿದುಕೊಂಡೆ. "ಟಿಕೀಟ ತಗಸು, ಎರಡು," ಅಂದರು. ಅಷ್ಟೇ.

ಒಂದು ವರ್ಷ ಅವರ ಹಿಂದೆ ತಿರುಗಿದೆ. ಒರೆಸುವುದರಿಂದಲೇ ಮತ್ತೆ ಶುರು. ರಿಪೇರಿಯಾದ ಎಂಜಿನ್ ಪಕ್ಕ ನನ್ನನ್ನು ನಾಲ್ಕು ತಾಸು ಕೂಡಿಸಿ ತಾವು ಬೇವಿನ ನೆರಳಿನಲ್ಲಿ ಮಲಗುತ್ತಿದ್ದರು. ನಾಲ್ಕು ತಾಸು ಅಂದರೆ ಐದೂ ಆಗುತ್ತಿತ್ತು, ಆರೂ ಆಗುತ್ತಿತ್ತು. ಅವರು ಎದ್ದು ಬಂದು "ತಗೊಂಡೆ" ಅನ್ನುವ ತನಕ ನಾನು ಏಳುತ್ತಿರಲಿಲ್ಲ. ಆ ಸೋಮವಾರದ ಮಾತನ್ನು ಅವರು ಎತ್ತಲಿಲ್ಲ. ಎತ್ತುವ ಧೈರ್ಯ ನನಗಿರಲಿಲ್ಲ. ವರ್ಷ ತುಂಬಿದ ಮೇಲೆ ಒಂದು ದಿನ ಚೀಟಿ ಬರೆದು ಕೊಟ್ಟರು. ಒಂದೇ ಸಾಲು. "ಇವನಿಗೆ ಕಾಯಲು ಬರುತ್ತದೆ." ನಾನು ಹಡಗು ಸೇರಿದೆ. ಅಂದಿನಿಂದ ನಿವೃತ್ತಿಯ ತನಕ ಉಂಡ ಅನ್ನವೆಲ್ಲ ಆ ಸಾಲಿನದು.

ನನ್ನ ಎರಡನೆಯ ಹಡಗಿನಲ್ಲಿದ್ದಾಗ ಅವರು ತೀರಿಕೊಂಡರು. ಅಪ್ಪ ಬರೆಸಿದ ಕಾಗದ ನನಗೆ ಮುಟ್ಟಿದಾಗ ದಿನದ ಕಾರ್ಯವೂ ಮುಗಿದುಹೋಗಿತ್ತು. ರಜೆಗೆ ಬಂದವನು ಮೊದಲು ಅವರ ಮನೆಗೆ ಹೋದೆ. ಮಾಸ್ತರರ ಹೆಂಡತಿಯನ್ನು ನಾವು ಅವ್ವಾರು ಅನ್ನುತ್ತಿದ್ದೆವು. ಬಾಗಿಲ ಬಿಸಿಲಿನಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ನನ್ನನ್ನು ಕಂಡು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಅಂದರು. "ಎಲ್ಲಾ ಚಲೋ ಇತ್ತೋ ತಮ್ಮಾ. ಆ ಒಂದ ದಿನ ಮರತರು ನೋಡು. ಗಿರಣಿ ಬಿಟ್ಟಿತು, ಕಡೀತನಕಾ ಚೀಲಾ ಹೊರೂದಾತು. ಆ ಚೀಲನ ಅವರನ್ನ ತಿಂತು."

ಅವರಿಗೂ ಹೇಳಿರಲಿಲ್ಲ! ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ. ಹೇಳಿದ್ದರೆ ಒಂದು ಬಾಯಿಂದ ಇನ್ನೊಂದಕ್ಕೆ ಹೋಗಿ ಊರೆಲ್ಲ ಆಗುತ್ತಿತ್ತು. ನನ್ನ ಹೆಸರು ಕೆಡುತ್ತಿತ್ತು.

"ಅವರು ಮರತಿರಲಿಲ್ಲರಿ ಅವ್ವಾರ," ಅಂದೆ. "ಬಿಟ್ಟು ಹ್ವಾದಾವ ನಾನು."

ಅವ್ವಾರ ಕೈ ಮೊರದಲ್ಲೇ ನಿಂತಿತು. ಆಮೇಲೆ ಅಂದದ್ದು ನನಗಲ್ಲ, ಗೋಡೆಗೆ. "ದಿನಾ ಅಂದೇನಲ್ಲೋ ಅವರಿಗೆ. ಉಣ್ಣಾಕ ಕುಂತಾಗೆಲ್ಲಾ ಅಂದೇನಿ, ಮರಗುಳಿ, ಮನಿ ಮುಳಗಿಸಿದಿ ಅಂತ. ಒಂದ ಮಾತ ತಿರುಗಿ ಅನಲಿಲ್ಲಲ್ಲೋ!" ನಾನು ಅವರ ಕಾಲು ಹಿಡಿದೆ. ಅವರು ಕಾಲು ಎಳೆದುಕೊಂಡರು. "ನನಗ ಹೇಳಿ ಏನಾತು? ನಗತಿದ್ದ ಊರಿಗೆ ಹೇಳು, ಹೋಗು," ಅಂದರು.

ಹೇಳುತ್ತೇನೆ ಅಂದವನು ಹೇಳಲಿಲ್ಲ. ರಜೆ ಮುಗಿಯಿತು, ಹಡಗು ಹತ್ತಿದೆ, ಮುಂದಿನ ರಜೆಗೆ ನೋಡೋಣ ಅಂದೆ. ಹೀಗೆ ನನ್ನ ಜನ್ಮವೇ ಹೋಯಿತು. ಅವ್ವಾರೂ ಹೋದರು. ಚಹದಂಗಡಿಯಲ್ಲಿ ಕೂತು ನಕ್ಕವರಲ್ಲಿ ಇಬ್ಬರೋ ಮೂವರೋ ಉಳಿದಿದ್ದೀರಿ. ನಿಮಗೆ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿರಿ. ಹಡಗಿನ ಮಾಸ್ತರು ಯಾವ ಎಂಜಿನ್ನನ್ನೂ ಸುಡಲಿಲ್ಲ. ಆ ಎಂಜಿನ್ ಸುಟ್ಟವನು ನಾನು.